ಎರಡು ಸಿಗಾರುಗಳ ರುಚಿಯನ್ನು ಹೋಲಿಸುವುದು ಹೇಗೆ? ನಮ್ಮ ಕರಾವಳಿಯ ಹವೆಯಲ್ಲಿ ಏನನ್ನು ಗಮನಿಸಬೇಕು?

ಪ್ರಶ್ನೆ: ಕೋಡಿಬಾಗ ತೀರವಾಸಿ (ಕಾರವಾರ)

ಮಾನ್ಯ ಸದಸ್ಯರೇ,

ವ್ಯಾಪಾರಿ ಹಡಗಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ರಜೆಗೆಂದು ಊರಿಗೆ ಬರುವಾಗ ಒಳ್ಳೆಯ ದರ್ಜೆಯ, ಕೈಯಿಂದ ಸುತ್ತಿದ ಸಿಗಾರುಗಳನ್ನು ತರುವುದುಂಟು. ಈ ಸಲ ಅವನು ತಂದಿರುವುದು ನಿಕರಾಗುವಾದಲ್ಲಿ ತಯಾರಾಗುವ ಪಡ್ರಾನ್ ಸಿಗಾರುಗಳು. ಎರಡು ಬಗೆಯೂ ಒಂದೇ ಸಾಲಿನವು, ಉದ್ದವೂ ದಪ್ಪವೂ ಒಂದೇ. ಒಂದರ ಹೊರ ಎಲೆ ತಿಳಿಕಂದು ಬಣ್ಣದ ‘ನ್ಯಾಚುರಲ್’, ಇನ್ನೊಂದರದು ಹೆಚ್ಚು ಕಾಲ ಹುದುಗಿ ಕಪ್ಪಿಗೆ ತಿರುಗಿದ ‘ಮಡೂರೊ’.

ಇಂಥ ಸಿಗಾರುಗಳ ಬಗ್ಗೆ ಬರೆಯುವವರು ದೇವದಾರು, ಚರ್ಮ, ಕೋಕೋ, ಒಣಹುಲ್ಲು, ಹುರಿದ ಬೀಜ ಎಂದು ಸಾಲುಸಾಲಾಗಿ ಹೆಸರಿಸುತ್ತಾರೆ. ನನಗೆ ಮೊದಲ ಕೆಲವು ಎಳೆತಗಳಲ್ಲಿ ಮೆಣಸಿನಂಥ ಖಾರ ತಿಳಿಯುತ್ತದೆ, ಅನಂತರ ಬರೀ ಹೊಗೆ, ಅರ್ಧ ದಾಟಿದ ಮೇಲೆ ಎರಡರಲ್ಲೂ ಒಂದೇ ಬಗೆಯ ಕಹಿ. ಮಡೂರೊ ಸ್ವಲ್ಪ ಸಿಹಿ ಎಂದು ಅನಿಸುತ್ತದೆ. ಆದರೆ ಅದು ನಿಜವಾಗಿಯೂ ನಾಲಿಗೆಗೆ ತಿಳಿದ ಸಿಹಿಯೋ ಅಥವಾ ಕಪ್ಪು ಬಣ್ಣವನ್ನು ನೋಡಿದ ಕಣ್ಣು ಹೇಳಿಕೊಟ್ಟ ಸಿಹಿಯೋ ಎಂಬ ಸಂಶಯ ಹೋಗುತ್ತಿಲ್ಲ. ಇಂಥ ಸೂಕ್ಷ್ಮಗಳನ್ನು ಬೇರೆಬೇರೆಯಾಗಿ ಗುರುತಿಸುವುದಕ್ಕೆ, ಎರಡನ್ನು ಪ್ರಾಮಾಣಿಕವಾಗಿ ಹೋಲಿಸುವುದಕ್ಕೆ ಕ್ರಮಬದ್ಧವಾದ ದಾರಿ ಇದೆಯೇ? ನಾನು ಸಾಮಾನ್ಯವಾಗಿ ಸಂಜೆ ಜಗಲಿಯಲ್ಲಿ ಕೂರುತ್ತೇನೆ, ಕಾಳಿ ನದಿಯ ಅಳಿವೆಯ ಕಡೆಯಿಂದ ಗಾಳಿ ಸದಾ ಬೀಸುತ್ತಿರುತ್ತದೆ. ಅನುಭವಿಗಳು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ತೋಟಪಟ್ಟಿ (ಶಿರಸಿ)

ಮಾನ್ಯರೇ, ನಿಮ್ಮ ಕೊನೆಯ ಸಂಶಯವೇ ಈ ವಿಷಯದ ಮುಖ್ಯ ದ್ವಾರ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಾಲಿಗೆ ಯಾವುದನ್ನು ಹೇಳುತ್ತದೆ, ಮೂಗು ಯಾವುದನ್ನು ಹೇಳುತ್ತದೆ ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು.

ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ ಎಂದು ಕರೆಯುವ ಮಾಂಸಲ ರುಚಿ, ಇಷ್ಟೇ. ಖಾರ ರುಚಿಯೂ ಅಲ್ಲ, ವಾಸನೆಯೂ ಅಲ್ಲ. ಮುಖದ ಸ್ಪರ್ಶ, ನೋವನ್ನು ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರದ ಮೂಲಕ ತಿಳಿಯುವ ಉರಿ ಅದು. ಒಗರು ಕೂಡ ಹಾಗೆಯೇ, ಜೊಲ್ಲಿನ ಜಾರುಗುಣ ಕಡಿಮೆಯಾದಾಗ ಬಾಯಿಯ ಒಳಚರ್ಮಕ್ಕೆ ಆಗುವ ಸ್ಪರ್ಶದ ಅನುಭವ. ಕೋಕೋ, ಚರ್ಮ, ಮರ, ಹುಲ್ಲು ಎಂದು ಪಟ್ಟಿ ಮಾಡುವುದೆಲ್ಲ ವಾಸನೆಗೆ ಸೇರಿದ್ದು, ಮತ್ತು ಆ ವಾಸನೆ ಬಾಯಿಯ ಹಿಂಭಾಗದಿಂದ ಮೇಲೇರಿ ಮೂಗಿಗೆ ತಲುಪಬೇಕು. ಇದನ್ನು ಪರೀಕ್ಷಿಸಲು ಒಂದು ಎಳೆತದ ಹೊಗೆಯನ್ನು ಮೂಗು ಹಿಡಿದುಕೊಂಡು ಬಾಯಿಯಿಂದಲೇ ಬಿಟ್ಟು ನೋಡಿ, ಕಹಿ ಮತ್ತು ಉರಿಯನ್ನು ಬಿಟ್ಟು ಏನೂ ಉಳಿಯುವುದಿಲ್ಲ. ಮುಂದಿನ ಎಳೆತದಲ್ಲಿ ಹೊಗೆಯನ್ನು ಬಾಯಿಯಲ್ಲಿ ಎರಡು ಕ್ಷಣ ನಿಲ್ಲಿಸಿ, ಹೆಚ್ಚಿನ ಪಾಲನ್ನು ಬಾಯಿಯಿಂದ ಬಿಟ್ಟುಬಿಟ್ಟು, ಉಳಿದ ತೀರ ಸ್ವಲ್ಪವನ್ನು ಮೂಗಿನಿಂದ ಮೆಲ್ಲಗೆ ಹೊರಗೆ ಹಾಕಿ. ಹೊಗೆಯನ್ನು ಎದೆಗೆ ಎಳೆದುಕೊಳ್ಳಲೇಬಾರದು. ಬಾಯಿ ತುಂಬಿದ ಹೊಗೆಯನ್ನೆಲ್ಲ ಮೂಗಿನಿಂದ ಬಿಡಲು ಹೋದರೆ ಕಣ್ಣಲ್ಲಿ ನೀರು ಬಂದು ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ. ನಾಲ್ಕೈದು ಎಳೆತಕ್ಕೊಮ್ಮೆ ಹೀಗೆ ಮಾಡಿದರೆ ಸಾಕು.

ನಿಮಗೆ ‘ಬರೀ ಹೊಗೆ’ ಅನಿಸುವುದಕ್ಕೆ ಇನ್ನೊಂದು ಕಾರಣ ಇರಬಹುದು. ಹೆಸರುಗಳನ್ನು ಓದಿರುತ್ತೇವೆ, ಆದರೆ ಆ ವಸ್ತುಗಳ ವಾಸನೆ ಮನಸ್ಸಿನಲ್ಲಿ ತಾಜಾ ಆಗಿ ಇರುವುದಿಲ್ಲ. ಈ ವಿಷಯದಲ್ಲಿ ನಮ್ಮ ಜಿಲ್ಲೆಯವರಷ್ಟು ಅದೃಷ್ಟವಂತರು ಕಡಿಮೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಪುಸ್ತಕದ ಪಟ್ಟಿಯನ್ನು ಪಕ್ಕಕ್ಕಿಟ್ಟು, ಮುಚ್ಚಳವಿರುವ ಸಣ್ಣ ಗಾಜಿನ ಸೀಸೆಗಳಲ್ಲಿ ಊರಿನ ವಸ್ತುಗಳನ್ನು ತುಂಬಿಟ್ಟುಕೊಳ್ಳಿ. ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯ ಕಾಳುಮೆಣಸನ್ನು ಜಜ್ಜಿ ಒಂದು ಸೀಸೆಗೆ ಹಾಕಿ. ಇನ್ನೊಂದಕ್ಕೆ ತೋಟದ ಕೋಕೋ ಬೀಜವನ್ನು ಹುರಿದು ಒಡೆದು ಹಾಕಿ. ಜಾಯಿಕಾಯಿಯ ತುರಿ, ದಾಲ್ಚಿನ್ನಿ ಚಕ್ಕೆ, ಹುರಿದ ಗೇರುಬೀಜ, ಜೋನಿಬೆಲ್ಲ, ಕೊಟ್ಟಿಗೆಯ ಮೇಲಿನ ಅಟ್ಟದ ಕರಡ (ಒಣಹುಲ್ಲು), ವೆನಿಲ್ಲಾ ಕೋಡು ಇವೆಲ್ಲ ನಮ್ಮ ಕಡೆ ಹುಡುಕದೆ ಸಿಗುತ್ತವೆ. ಚರ್ಮದ ವಾಸನೆಗೆ ಯಕ್ಷಗಾನದ ಮದ್ದಳೆಗಾರರ ಹತ್ತಿರ ಕೇಳಿ ಹಳೆಯ ಮುಚ್ಚಿಗೆಯ ಒಂದು ತುಂಡನ್ನು ತಂದರೆ ಬೇರೇನೂ ಬೇಡ.

ದೇವದಾರಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಸಿಗಾರಿನ ಪೆಟ್ಟಿಗೆಗೆ ಬಳಸುವ, ‘ಸ್ಪ್ಯಾನಿಷ್ ಸೀಡರ್’ ಎನ್ನುವ ಮರ ಹಿಮಾಲಯದ ದೇವದಾರಿಗೆ ಸಂಬಂಧಿಸಿದ್ದೇ ಅಲ್ಲ. ಅದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಮರ, ಬೇವು ಮತ್ತು ಮಹಾಗನಿಯ ಕುಟುಂಬಕ್ಕೆ ಸೇರಿದ್ದು. ನಮ್ಮ ಘಟ್ಟದ ಗಂಧಗರಿಗೆ ಮರ ಅದರ ಹತ್ತಿರದ ಸಂಬಂಧಿ. ಬಡಗಿಯ ಹತ್ತಿರ ಗಂಧಗರಿಗೆಯ ಹೊಸ ಸಿಪ್ಪೆ ಸಿಕ್ಕರೆ ಮೂಸಿ ನೋಡಿ. ದೇವದಾರಿನ ಎಣ್ಣೆಗಿಂತ ಅದೇ ನಿಮಗೆ ಹೆಚ್ಚು ನೆರವಾಗುತ್ತದೆ.

ಸಿಗಾರು ಹಚ್ಚುವ ದಿನ ಮಧ್ಯಾಹ್ನ ಈ ಸೀಸೆಗಳನ್ನು ಕಣ್ಣು ಮುಚ್ಚಿ ಒಂದೊಂದಾಗಿ ಮೂಸಿ ಹೆಸರು ಹೇಳಲು ಪ್ರಯತ್ನಿಸಿ. ಮನೆಯ ವಸ್ತುವನ್ನೇ ಕಣ್ಣು ಮುಚ್ಚಿದಾಗ ಗುರುತಿಸುವುದು ಸುಲಭವಲ್ಲ ಎಂಬುದು ಆಗ ತಿಳಿಯುತ್ತದೆ. ಅಭ್ಯಾಸವಾದಂತೆ ಹೊಗೆಯೊಳಗಿನ ಎಳೆಗಳೂ ಬಿಡಿಬಿಡಿಯಾಗಿ ತಿಳಿಯತೊಡಗುತ್ತವೆ.

ಈಗ ನಿಮ್ಮ ಜೋಡಿಯ ವಿಷಯ. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ, ಏಕೆಂದರೆ ತಯಾರಕರು ಒಬ್ಬರೇ, ಸಾಲು ಮತ್ತು ಅಳತೆ ಒಂದೇ, ಬದಲಾಗಿರುವುದು ಹೊರ ಎಲೆ. ಹೊಗೆಯ ಬಹುಪಾಲು ಒಳಗಿನ ಎಲೆಗಳಿಂದ ಬರುತ್ತದೆಯಾದರೂ ಹೊರ ಎಲೆ ತುಟಿ ಮತ್ತು ನಾಲಿಗೆಗೆ ನೇರವಾಗಿ ತಾಗುವುದರಿಂದ ಅದರ ಪಾತ್ರ ತೂಕಕ್ಕೆ ಮೀರಿದ್ದು. ಕೊಯ್ದ ಎಲೆಗಳನ್ನು ಗಾಳಿಯಲ್ಲಿ ಒಣಗಿಸಿದ ಮೇಲೆ ದೊಡ್ಡ ರಾಶಿ ಒಟ್ಟುತ್ತಾರೆ. ಒಳಗಿನ ಬಿಸಿ ಏರಿದಾಗ ರಾಶಿಯನ್ನು ಒಡೆದು, ಒಳಗಿನ ಎಲೆಗಳನ್ನು ಹೊರಗೆ ತಂದು ಮತ್ತೆ ಒಟ್ಟುತ್ತಾರೆ. ಈ ಹುದುಗುವಿಕೆಯಲ್ಲಿ ಅಮೋನಿಯ ಹೊರಹೋಗಿ ಒರಟುತನ ಕಡಿಮೆಯಾಗುತ್ತದೆ. ಮಡೂರೊ ಎಲೆಗೆ ಇದು ಇನ್ನೂ ಹೆಚ್ಚು ಕಾಲ, ಹೆಚ್ಚು ಬಿಸಿಯಲ್ಲಿ ನಡೆಯುತ್ತದೆ. ಅದಕ್ಕೆ ದಪ್ಪನೆಯ, ಎಣ್ಣೆಯಂಶವುಳ್ಳ ಎಲೆಯೇ ಬೇಕು, ತೆಳು ಎಲೆ ತಡೆದುಕೊಳ್ಳುವುದಿಲ್ಲ. ಕೋಕೋ ಬೀಜವನ್ನು ರಾಶಿ ಹಾಕಿ ಹುದುಗಿಸಿ ಹದಗೊಳಿಸುವುದನ್ನು ಕಂಡವರಿಗೆ ಮಡೂರೊದಲ್ಲಿ ಕೋಕೋ, ಕಾಫಿ, ಬೆಲ್ಲದ ವಾಸನೆಗಳು ಬರುವುದು ಆಶ್ಚರ್ಯ ತರಬೇಕಾಗಿಲ್ಲ. ಹಾಗಾಗಿ ನ್ಯಾಚುರಲ್‌ನಲ್ಲಿ ಮರ, ಗೇರುಬೀಜ, ಮಸಾಲೆಯ ಕಡೆಗೆ ಗಮನ ಕೊಡಿ. ಮಡೂರೊದಲ್ಲಿ ಸೀಸೆಯ ಕೋಕೋ ಮತ್ತು ಜೋನಿಬೆಲ್ಲವನ್ನು ನೆನಪಿಗೆ ತಂದುಕೊಳ್ಳಿ.

ಕಣ್ಣು ಮೋಸ ಮಾಡುತ್ತಿದೆಯೇ ಎಂಬ ಪ್ರಶ್ನೆಗೆ ಆಹಾರದ ರುಚಿ ಪರೀಕ್ಷಿಸುವವರು ಬಳಸುವ ತ್ರಿಕೋನ ಪರೀಕ್ಷೆ ಉತ್ತಮ ಉತ್ತರ. ಮೂರು ಮಾದರಿಗಳಲ್ಲಿ ಎರಡು ಒಂದೇ, ಒಂದು ಬೇರೆ. ಬೇರೆಯದು ಯಾವುದೆಂದು ಹೇಳಬೇಕು. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ ಎಂಬುದನ್ನು ನೆನಪಿಡಬೇಕು. ಇದಕ್ಕಾಗಿ ಒಂದೇ ಸಂಜೆ ಮೂರು ಸಿಗಾರು ಹಚ್ಚುವುದು ದುಬಾರಿ, ದೇಹಕ್ಕೂ ಒಳ್ಳೆಯದಲ್ಲ. ಸರಳವಾದ ದಾರಿಯೆಂದರೆ, ಮನೆಯವರಲ್ಲೊಬ್ಬರು ನಾಣ್ಯ ಚಿಮ್ಮಿ ಆ ಸಂಜೆಯ ಸಿಗಾರನ್ನು ಆರಿಸಲಿ, ಸಿಗಾರಿಗೆ ಸುತ್ತಿದ ಹೆಸರಿನ ಕಾಗದಪಟ್ಟಿಯನ್ನು ತೆಗೆದು, ತುದಿ ಕತ್ತರಿಸಿ, ಹಚ್ಚಿಸಿ ಕೊಡಲಿ. ನೀವು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಹಿಡಿಯುವ ಭಾಗಕ್ಕೆ ಕಾಗದ ಸುತ್ತಿಕೊಂಡು, ಮೊದಲ ಒಂದು ಅಂಗುಲದ ಮಟ್ಟಿಗೆ ರುಚಿ ನೋಡಿ ಯಾವುದೆಂದು ಬರೆದಿಡಿ. ಹೊರ ಎಲೆಯ ಒರಟು, ನುಣುಪು ಕೈಗೆ ತಿಳಿಯಬಾರದು ಎಂಬುದಕ್ಕೇ ಕಾಗದ. ಬೇರೆಬೇರೆ ಸಂಜೆ ನಾಲ್ಕು ಸಲ ಮಾಡಿ ನಾಲ್ಕೂ ಸರಿಯಾದರೆ, ಅದು ಬರೀ ಊಹೆಯಿಂದ ಆಗುವ ಸಾಧ್ಯತೆ 16ರಲ್ಲಿ 1. ಆಗ ಮಡೂರೊದ ವ್ಯತ್ಯಾಸವನ್ನು ಕಂಡಿದ್ದು ಕಣ್ಣಲ್ಲ, ನಿಮ್ಮ ನಾಲಿಗೆ ಮತ್ತು ಮೂಗು ಎಂದು ಬಹುಮಟ್ಟಿಗೆ ಹೇಳಬಹುದು.

ಉತ್ತರ 2: ಅಘನಾಶಿನಿ ಬದಿ (ಕುಮಟಾ)

ಶಿರಸಿಯವರು ಹೇಳಿದ್ದು ಸಂಪೂರ್ಣ ಸರಿ. ಆದರೆ ಕರಾವಳಿಯಲ್ಲಿ ಕುಳಿತು ಹೋಲಿಸುವವರಿಗೆ ಅದಕ್ಕಿಂತ ಮೊದಲಿನ ಹೆಜ್ಜೆಯೊಂದಿದೆ, ಅದು ತೇವ. ಸಿಗಾರು ಸರಿಯಾಗಿ ಉರಿಯಲು ಸುತ್ತಲಿನ ಗಾಳಿಯ ಸಾಪೇಕ್ಷ ಆರ್ದ್ರತೆ 65ರಿಂದ 70 ಪ್ರತಿಶತದ ನಡುವೆ ಇರಬೇಕು. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಆಷಾಢದಲ್ಲಿ ಗಾಳಿಯ ಆರ್ದ್ರತೆ 85ನ್ನು ಸುಲಭವಾಗಿ ದಾಟುತ್ತದೆ. ಅಂಥ ದಿನ ಹೊರಗಿಟ್ಟ ಸಿಗಾರಿನ ಒಳ ಎಲೆಗಳು ಉಬ್ಬಿ ಹೊರ ಎಲೆ ಸೀಳುತ್ತದೆ, ಎಳೆತ ಬಿಗಿಯಾಗುತ್ತದೆ, ಪದೇಪದೇ ಆರುತ್ತದೆ, ಹೊಗೆ ಹುಳಿಹುಳಿಯಾಗುತ್ತದೆ. ತೀರ ಒಣಗಿದ್ದಾದರೆ ಬೇಗ ಬಿಸಿಯೇರಿ ಗಂಟಲು ಕೆರೆಯುವ ಖಾರ ಬರುತ್ತದೆ. ಎರಡು ಸಿಗಾರುಗಳ ತೇವ ಬೇರೆಬೇರೆಯಾಗಿದ್ದರೆ ನೀವು ಹೋಲಿಸುತ್ತಿರುವುದು ಎಲೆಗಳನ್ನಲ್ಲ, ತೇವವನ್ನು. ಆದ್ದರಿಂದ ಎರಡು ಬಗೆಯನ್ನೂ ಒಂದೇ ಪೆಟ್ಟಿಗೆಯಲ್ಲಿ ಕನಿಷ್ಠ ಎರಡು ವಾರ ಒಟ್ಟಿಗೆ ಇಟ್ಟ ಮೇಲೆಯೇ ಪರೀಕ್ಷೆ ಆರಂಭಿಸಿ.

ವಿದೇಶಗಳಲ್ಲಿ ಹೊಗಳುವ ಮರದ ಪೆಟ್ಟಿಗೆಗಿಂತ ರಬ್ಬರಿನ ಅಂಚಿರುವ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ನಮ್ಮ ಕಡೆಗೆ ಹೆಚ್ಚು ಸೂಕ್ತ. ಮರದ ಪೆಟ್ಟಿಗೆ ಮಳೆಗಾಲದ ತೇವವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ತೇವ ಹೆಚ್ಚಾದರೆ ಹೀರಿಕೊಳ್ಳುವ, ಕಡಿಮೆಯಾದರೆ ಬಿಡುವ ಉಪ್ಪಿನ ದ್ರಾವಣದ ಪೊಟ್ಟಣಗಳು ಸಿಗುತ್ತವೆ. 65ರ ಗುರುತಿನದನ್ನು ಒಂದು ಸಣ್ಣ ಆರ್ದ್ರತಾಮಾಪಕದ ಜೊತೆ ಡಬ್ಬಿಯಲ್ಲಿಡಿ. ಬಿಳಿ ಬೂಸಲು ಕಂಡ ಸಿಗಾರನ್ನು ಉಳಿದವುಗಳಿಂದ ಕೂಡಲೇ ದೂರಮಾಡಿ. ತಂಬಾಕು ಹುಳದ ಬಗ್ಗೆಯೂ ಎಚ್ಚರ ಬೇಕು. ಎಲೆಯೊಳಗಿನ ಮೊಟ್ಟೆಗಳು 24 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಒಡೆಯುತ್ತವೆ, ನಮ್ಮ ಮನೆಗಳಲ್ಲಿ ಅದಕ್ಕಿಂತ ತಂಪು ಇರುವುದೇ ಅಪರೂಪ. ಬಂದ ಹೊಸತರಲ್ಲೇ ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೂರು ದಿನ ಫ್ರೀಜರಿನಲ್ಲಿಟ್ಟು, ಒಂದು ದಿನ ಫ್ರಿಜ್ಜಿನ ಕೆಳಭಾಗದಲ್ಲಿಟ್ಟು, ಆಮೇಲೆ ಹೊರಗೆ ತಂದರೆ ಆ ಭಯವಿಲ್ಲ.

ತಂಬಾಕಿನ ಎಲೆ ಹತ್ತಿರದ ಯಾವ ವಾಸನೆಯನ್ನೂ ಬಿಡದೆ ಹೀರುತ್ತದೆ. ಒಣಮೀನು ಇಡುವ ಅಟ್ಟ, ನುಸಿಗುಳಿಗೆ ಹಾಕಿದ ಕಪಾಟು, ಮಸಾಲೆ ಡಬ್ಬಗಳ ಸಾಲು ಇವುಗಳಿಂದ ಡಬ್ಬಿ ದೂರವಿರಲಿ. ಶಿರಸಿಯವರು ಹೇಳಿದ ಸೀಸೆಗಳನ್ನೂ ಅದರ ಹತ್ತಿರ ಇಡಬೇಡಿ.

ಅಳಿವೆಯ ಗಾಳಿಯ ಬಗ್ಗೆ: ಬೀಸುವ ಗಾಳಿಯಲ್ಲಿ ಸಿಗಾರಿನ ಒಂದು ಬದಿ ಬೇಗ ಉರಿದು ಹೋಗುತ್ತದೆ, ಕೆಂಡ ಅತಿಯಾಗಿ ಬಿಸಿಯಾಗಿ ಕಹಿ ಬರುತ್ತದೆ, ಸುತ್ತ ನಿಲ್ಲಬೇಕಾದ ಪರಿಮಳ ಮೂಗಿಗೆ ಬರುವ ಮೊದಲೇ ಹಾರಿಹೋಗುತ್ತದೆ. ನೀವು ಕಾಣುತ್ತಿರುವ ‘ಅರ್ಧ ದಾಟಿದ ಮೇಲಿನ ಕಹಿ’ಗೆ ಗಾಳಿಯೇ ಬಹುಪಾಲು ಕಾರಣವಿರಬಹುದು. ಹಿತ್ತಿಲ ಕಡೆ ಮರೆಯಿರುವ ಜಾಗವನ್ನು ಆರಿಸಿಕೊಳ್ಳಿ.

ಉತ್ತರ 3: ಬೇಲೆಕೇರಿ (ಅಂಕೋಲಾ)

ಬೇರೆಬೇರೆ ಸಂಜೆಗಳಲ್ಲಿ ರುಚಿ ನೋಡಿ ಹೋಲಿಸುವುದರಲ್ಲಿ ನನಗೆ ನಂಬಿಕೆ ಕಡಿಮೆ. ವಾಸನೆಯ ನೆನಪು ರಾತ್ರಿ ಕಳೆಯುವುದರೊಳಗೆ ಮಸುಕಾಗುತ್ತದೆ, ಉಳಿಯುವುದು ನಾವು ಬರೆದ ಶಬ್ದ ಮಾತ್ರ. ಎರಡನ್ನೂ ಒಟ್ಟಿಗೆ ಹಚ್ಚಿ, ಒಂದರಿಂದ ಎರಡು ಎಳೆತ, ನೀರು, ಇನ್ನೊಂದರಿಂದ ಎರಡು ಎಳೆತ ಎಂದು ಪಕ್ಕಪಕ್ಕದಲ್ಲಿ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಒಂದೊಂದಾಗಿ ನೋಡಿದಾಗ ಗಮನಕ್ಕೇ ಬಾರದ ಜಾಯಿಕಾಯಿಯ ಎಳೆಯೊಂದು ಪಕ್ಕದಲ್ಲಿ ಅದಿಲ್ಲದ ಸಿಗಾರು ಇದ್ದಾಗ ತಟ್ಟನೆ ತಿಳಿದಿದ್ದು ನನ್ನ ಅನುಭವ.

ಉತ್ತರ 4: ತೋಟಪಟ್ಟಿ (ಶಿರಸಿ)

ಬೇಲೆಕೇರಿಯವರ ಮಾತಿನಲ್ಲಿ ಸತ್ಯವಿದೆ, ಪಕ್ಕಪಕ್ಕದ ಹೋಲಿಕೆಯ ಬಲವನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಆಕ್ಷೇಪ ಉರಿಯುವ ಕ್ರಮದ ಬಗ್ಗೆ. ನಿಮಿಷಕ್ಕೆ ಸುಮಾರು ಒಂದು ಎಳೆತ ಎಂಬುದು ಸಿಗಾರಿಗೆ ಒಗ್ಗುವ ವೇಗ. ಎರಡನ್ನು ಒಟ್ಟಿಗೆ ಹಿಡಿದರೆ ಒಂದೋ ನಮ್ಮ ಬಾಯಿಗೆ ಎರಡು ಪಟ್ಟು ಹೊಗೆ ಬರುತ್ತದೆ, ಇಲ್ಲವೇ ಒಂದೊಂದು ಸಿಗಾರೂ ಎರಡು ನಿಮಿಷಕ್ಕೊಮ್ಮೆ ಮಾತ್ರ ಎಳೆತ ಕಂಡು ತಣ್ಣಗಾಗುತ್ತದೆ. ತಣ್ಣಗಾಗಿ ಆರಿದ್ದನ್ನು ಮತ್ತೆ ಹಚ್ಚಿದಾಗ ಬರುವ ಕಹಿ ಎಲೆಯದ್ದಲ್ಲ, ಒಳಗೆ ತಂಗಿದ ಹಳೆಯ ಹೊಗೆಯದ್ದು. ನಿಕೋಟಿನ್ ಏರಿದ ಮೇಲಂತೂ ತೀರ್ಮಾನಕ್ಕೆ ಬೆಲೆಯಿಲ್ಲ.

ಇಬ್ಬರ ಮಾತಿಗೂ ಹೊಂದುವ ದಾರಿಯೊಂದಿದೆ. ಪಕ್ಕಪಕ್ಕದ ಹೋಲಿಕೆಯನ್ನು ಮೊದಲ ಒಂದು ಅಂಗುಲಕ್ಕೆ ಸೀಮಿತಗೊಳಿಸಿ, ಆ ಸಂಜೆ ಒಂದನ್ನು ಬದಿಗಿಟ್ಟು ಇನ್ನೊಂದನ್ನು ಮಾತ್ರ ಮುಂದುವರಿಸಬಹುದು. ಕೊನೆಯವರೆಗೆ ಒಟ್ಟಿಗೆ ನೋಡಲೇಬೇಕೆಂದರೆ ಇಬ್ಬರು ಕುಳಿತು ಒಬ್ಬೊಬ್ಬರು ಒಂದನ್ನು ಹಿಡಿದು, ಬರೆದದ್ದನ್ನು ಮುಗಿಯುವವರೆಗೆ ಪರಸ್ಪರ ತೋರಿಸದೆ, ಮತ್ತೊಂದು ದಿನ ಅದಲುಬದಲು ಮಾಡಿಕೊಳ್ಳುವುದು ಉತ್ತಮ.

ಉತ್ತರ 5: ಶರಾವತಿ ತೀರ (ಹೊನ್ನಾವರ)

ನಾನು ದಂತವೈದ್ಯೆ. ಈ ಚರ್ಚೆಗೆ ಸಂಬಂಧಿಸಿದಷ್ಟನ್ನೇ ಹೇಳುತ್ತೇನೆ.

ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ನಿನಲ್ಲಿ ಬಿಸಿ ಹಾಯಿಸಿ ಹದಗೊಳಿಸುವ ಸಿಗರೇಟಿನ ತಂಬಾಕಿನಲ್ಲಿ ಸಕ್ಕರೆಯಂಶ ಉಳಿಯುವುದರಿಂದ ಅದರ ಹೊಗೆ ಆಮ್ಲೀಯ. ಗಾಳಿಯಲ್ಲಿ ಒಣಗಿಸಿ ಹುದುಗಿಸಿದ ಸಿಗಾರಿನ ಎಲೆಯ ಹೊಗೆ ಕ್ಷಾರೀಯ, ಅದರ ನಿಕೋಟಿನ್ ಬಾಯಿಯ ಒಳಚರ್ಮದ ಮೂಲಕವೇ ರಕ್ತಕ್ಕೆ ಸೇರುತ್ತದೆ. ಆದ್ದರಿಂದ ಎದೆಗೆ ಎಳೆಯುವುದಿಲ್ಲ ಎಂಬುದರಿಂದ ಅಪಾಯ ತಪ್ಪುವುದಿಲ್ಲ. ದೊಡ್ಡ ಸಿಗಾರೊಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಸಿಗಾರು ಕಾರಣವಾಗುತ್ತದೆ ಎಂಬುದು ಸ್ಥಾಪಿತ ವಿಷಯ. ನಮ್ಮ ಜಿಲ್ಲೆಯಲ್ಲಿ ಕವಳ ಹಾಕುವವರೂ ಹೆಚ್ಚು. ಅಡಿಕೆ, ತಂಬಾಕು ಎರಡೂ ಸೇರಿದಾಗ ಅಪಾಯ ಇನ್ನೂ ಹೆಚ್ಚುತ್ತದೆ. ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಕಲೆ, ಎರಡು ವಾರದಲ್ಲಿ ಮಾಯದ ಹುಣ್ಣು ಕಂಡರೆ ದಯವಿಟ್ಟು ತೋರಿಸಿಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಜಗಲಿಯೂ ಸಾಕಷ್ಟು ದೂರವಲ್ಲ.

ರುಚಿಯ ದೃಷ್ಟಿಯಿಂದಲೂ ಕವಳ ಅಡ್ಡಿಯೇ. ಅಡಿಕೆಯ ಒಗರು ಮತ್ತು ಸುಣ್ಣ ಬಾಯಿಯ ಒಳಚರ್ಮವನ್ನು ಬಿಗಿಸಿಬಿಟ್ಟ ಮೇಲೆ ಸಿಗಾರಿನ ಒಗರು ಯಾವುದು, ಕಹಿ ಯಾವುದು ಎಂದು ಬಿಡಿಸಿ ಹೇಳಲಾಗದು. ಬ್ಯಾಡಗಿ ಮೆಣಸು, ತೆಂಗಿನಕಾಯಿ ಅರೆದ ಮೀನುಸಾರಿನ ಊಟದ ಮೇಲೂ ಕೂಡಲೇ ಬೇಡ. ಬರಿ ಹೊಟ್ಟೆಯಲ್ಲಿ ಕುಳಿತರೆ ತಲೆ ಸುತ್ತಿ ವಾಂತಿ ಬರುವಂತಾಗಬಹುದು. ಸಪ್ಪೆಯಾದ ಗಂಜಿ ಊಟದ ಎರಡು ಗಂಟೆಯ ನಂತರ ಸರಿಯಾದ ಹೊತ್ತು. ನಡುವೆ ಬಾಯಿ ಮುಕ್ಕಳಿಸಲು ಬರೀ ನೀರು ಸಾಕು, ಕಷಾಯವೂ ಬೇಡ, ಮಜ್ಜಿಗೆಯೂ ಬೇಡ.

ಪ್ರಶ್ನೆ ಕೇಳಿದವರಿಂದ: ಕೋಡಿಬಾಗ ತೀರವಾಸಿ (ಕಾರವಾರ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಡಾಕ್ಟರಮ್ಮನವರ ಎಚ್ಚರಿಕೆಯನ್ನು ಗಂಭೀರವಾಗಿ ಸ್ವೀಕರಿಸಿದ್ದೇನೆ. ತಮ್ಮ ತಂದದ್ದನ್ನು ಅಪರೂಪಕ್ಕೆ, ಇಂಥ ಪರೀಕ್ಷೆಗಷ್ಟೇ ಬಳಸುವುದೆಂದು ತೀರ್ಮಾನಿಸಿದ್ದೇನೆ. ಸೀಸೆಗಳನ್ನು ಹೊಂದಿಸುವ ಕೆಲಸಕ್ಕೆ ಮನೆಯಲ್ಲಿ ಎಲ್ಲರೂ ಉತ್ಸಾಹದಿಂದ ಸೇರಿಕೊಂಡಿದ್ದಾರೆ. ಒಂದು ಪ್ರಶ್ನೆ ಮಾತ್ರ ಉಳಿದಿದೆ. ಸಿಗಾರನ್ನು ಮೂರು ಭಾಗ ಮಾಡಿ ಟಿಪ್ಪಣಿ ಬರೆಯಬೇಕು ಎನ್ನುತ್ತಾರೆ. ಹೋಲಿಕೆಗೆ ಯಾವ ಭಾಗವನ್ನು ಹೆಚ್ಚು ನೆಚ್ಚಬೇಕು, ಮತ್ತು ‘ಸ್ಟ್ರಾಂಗ್’ ಎಂಬುದನ್ನು ಹೇಗೆ ಬರೆಯಬೇಕು?

ಉತ್ತರ 6: ತೋಟಪಟ್ಟಿ (ಶಿರಸಿ)

ಹೊಗೆ ಬಾಯಿಗೆ ಬರುವ ಮೊದಲು ಉರಿಯದೆ ಉಳಿದ ಎಲೆಗಳ ಮೂಲಕ ಸೋಸಿ ಬರುತ್ತದೆ, ಆಗ ಅದರಲ್ಲಿನ ಡಾಂಬರಿನಂಥ ಅಂಶವೂ ತೇವವೂ ಆ ಎಲೆಗಳಲ್ಲಿ ತಂಗುತ್ತವೆ. ಸಿಗಾರು ಗಿಡ್ಡವಾದಂತೆ ಆ ಸಂಗ್ರಹವೇ ಉರಿಯತೊಡಗುತ್ತದೆ, ಹೊಗೆಯೂ ಬಿಸಿಯಾಗುತ್ತದೆ. ಯಾವ ಸಿಗಾರಾದರೂ ಕೊನೆಯ ಭಾಗದಲ್ಲಿ ತೀಕ್ಷ್ಣವಾಗುವುದು ಇದರಿಂದ. ಹೀಗಾಗಿ ನಾನು ಮೊದಲ ಭಾಗದ ಆರಂಭದ ಅರ್ಧ ಅಂಗುಲವನ್ನು ಬಿಟ್ಟು, ಅಲ್ಲಿಂದ ಎರಡನೆಯ ಭಾಗದ ಕೊನೆಯವರೆಗಿನದನ್ನು ಮಾತ್ರ ಹೋಲಿಕೆಗೆ ಪರಿಗಣಿಸುತ್ತೇನೆ. ಆರಂಭದ ಎಳೆತಗಳಲ್ಲಿ ಹಚ್ಚಿದ ಬೆಂಕಿಯ ವಾಸನೆ ಬೆರೆತಿರುತ್ತದೆ; ಬ್ಯುಟೇನ್ ಲೈಟರ್ ಅಥವಾ ಮದ್ದು ಪೂರ್ತಿ ಉರಿದ ಮೇಲಿನ ಬೆಂಕಿಕಡ್ಡಿಯಿಂದ, ಜ್ವಾಲೆಯನ್ನು ತಾಗಿಸದೆ ಬುಡವನ್ನು ಕಾಯಿಸಿ ಹಚ್ಚಿದರೆ ಅದು ಕಡಿಮೆಯಾಗುತ್ತದೆ. ಹಚ್ಚುವ ಮೊದಲು ತುದಿ ಕತ್ತರಿಸಿ, ಬೆಂಕಿಯಿಲ್ಲದೆ ಎರಡು ಸಲ ಎಳೆದು ನೋಡಿದ ರುಚಿಯನ್ನೂ ಬರೆದಿಡಿ. ಹೊರ ಎಲೆಗಳ ವ್ಯತ್ಯಾಸ ಅಲ್ಲಿ ತುಂಬ ನಿಚ್ಚಳವಾಗಿರುತ್ತದೆ.

‘ಸ್ಟ್ರಾಂಗ್’ ಎಂದು ಒಂದೇ ಶಬ್ದದಲ್ಲಿ ಬರೆಯಬೇಡಿ, ಅದರಲ್ಲಿ ಮೂರು ಸಂಗತಿಗಳು ಬೆರೆತುಹೋಗುತ್ತವೆ. ನಿಕೋಟಿನ್ ತಲೆಗೂ ಹೊಟ್ಟೆಗೂ ಮಾಡುವ ಪರಿಣಾಮ ಒಂದು. ಹೊಗೆ ಬಾಯಿಯಲ್ಲಿ ತೆಳುವಾಗಿದೆಯೋ ಮಂದವಾಗಿದೆಯೋ ಎಂಬುದು ಇನ್ನೊಂದು. ವಾಸನೆಗಳ ಗಾಢತೆ ಮೂರನೆಯದು. ಗಿಡದ ತುದಿಯ ಎಲೆಗಳಾದ ‘ಲಿಗೇರೊ’ ಹೆಚ್ಚಿದ್ದರೆ ಮೊದಲನೆಯದು ಏರುತ್ತದೆ. ನಡುವಿನ ‘ಸೆಕೊ’ ಪರಿಮಳ ಕೊಡುತ್ತದೆ. ಬುಡದ ‘ವೊಲಾಡೊ’ ಮುಖ್ಯವಾಗಿ ಚೆನ್ನಾಗಿ ಉರಿಯಲು ಬೇಕು. ಮಡೂರೊ ಕಪ್ಪಗಿರುವುದರಿಂದ ನಿಕೋಟಿನ್ ಹೆಚ್ಚೆಂದು ಹಲವರು ಭಾವಿಸುತ್ತಾರೆ, ಆದರೆ ಬಣ್ಣಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಈ ಮೂರಕ್ಕೆ ಬೇರೆಬೇರೆ ಸಾಲು ಹಾಕಿ, ದಿನಾಂಕದ ಜೊತೆ ಡಬ್ಬಿಯ ಆರ್ದ್ರತೆ, ಹೊರಗಿನ ಗಾಳಿ, ಅಂದಿನ ಊಟ ಇಷ್ಟನ್ನು ಮೇಲೆ ಬರೆದಿಟ್ಟುಕೊಳ್ಳಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಸಂಜೆಗಳ ಟಿಪ್ಪಣಿಯನ್ನು ನೀವು ಹೇಳಿ ಮನೆಯವರಿಂದ ಬರೆಸಿ. ನಾಲ್ಕು ಸಂಜೆ ಮುಗಿದ ಮೇಲೆ ಎರಡು ಬಗೆಯ ಹಾಳೆಗಳನ್ನು ಇಲ್ಲಿ ಹಾಕಿದರೆ, ನನ್ನ ಹತ್ತಿರವಿರುವ ಮಡೂರೊದ ಟಿಪ್ಪಣಿಯನ್ನೂ ಪಕ್ಕದಲ್ಲಿಟ್ಟು ನೋಡೋಣ. ಶಿರಸಿಯ ಚಳಿಗಾಲದಲ್ಲಿ ಬರೆದದ್ದಕ್ಕೂ ಕಾರವಾರದಲ್ಲಿ ಬರೆದದ್ದಕ್ಕೂ ಎಷ್ಟು ಹೊಂದುತ್ತದೆ ಎಂಬುದು ನನಗೂ ತಿಳಿಯಬೇಕಾಗಿದೆ.